ಪತ್ರ ಕೇಳುವ ಮೊದಲು ಫೈಲು ಯಾವ ಟೇಬಲ್ ಮೇಲಿದೆ ಕೇಳಿ

ಸೋಮವಾರ ಬೆಳಿಗ್ಗೆ ಏಳೂವರೆಗೆಲ್ಲ ನಮ್ಮ ಕಚೇರಿ ಬಾಗಿಲಲ್ಲಿ ಚಪ್ಪಲಿ ತುಂಬಿರುತ್ತಿದ್ದವು. ಮೊದಲ ಬಸ್ಸಿಗೆ ಬಂದವರು, ಡೈರಿಗೆ ಹಾಲು ಹಾಕಿ ಹಾಗೇ ಬೈಕ್ ಹತ್ತಿ ಬಂದವರು. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಮಡಚಿ ಮಡಚಿ ಸವೆದ ಕಾಗದ. ಮಂಡ್ಯ ಜಿಲ್ಲೆಯ ಒಂದು ಕ್ಷೇತ್ರದಲ್ಲಿ ಇಬ್ಬರು ಶಾಸಕರಿಗೆ ಆಪ್ತ ಸಹಾಯಕನಾಗಿ 14 ವರ್ಷ ದುಡಿದೆ. ಆ ಕವರ್ ಬಿಚ್ಚಿ ಒಳಗೇನಿದೆ ಅಂತ ಓದೋದೇ ನನ್ನ ಮುಖ್ಯ ಕೆಲಸವಾಗಿತ್ತು.

ಬಂದವರಲ್ಲಿ ಹೆಚ್ಚಿನವರು ಕೇಳುತ್ತಿದ್ದದ್ದು ಒಂದೇ. "ಅಣ್ಣ, ಸಾಹೇಬ್ರತ್ರ ಒಂದು ಲೆಟ್ರು ಕೊಡಿಸ್ಬುಡಿ, ಸಾಕು."

ಪತ್ರ ಕೊಡೋದು ಸುಲಭ. ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು’ ಅಂತ ಟೈಪ್ ಮಾಡಿ ಸಹಿ ಹಾಕಿಸಿದರೆ ಮುಗಿಯಿತು. ಆದರೆ ಕೆಲಸ ಎಲ್ಲಿ ನಿಂತಿದೆ ಅಂತ ತಿಳಿಯದೆ ಬರೆದ ಪತ್ರ ಫೈಲಿಗೆ ಇನ್ನೊಂದು ಹಾಳೆ ಸೇರಿಸುತ್ತದೆ, ಅಷ್ಟೆ. ಇದನ್ನು ನನಗೆ ಕಲಿಸಿದ್ದು ಒಬ್ಬ ಅಜ್ಜಿ.

ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು. 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಕೊಡುವ ಯೋಜನೆ ಅದು. ಇದ್ದಕ್ಕಿದ್ದಂತೆ ನಿಂತುಹೋಯಿತು. ಮೊದಲ ಸೋಮವಾರ ಬಂದಾಗ ತಹಶೀಲ್ದಾರರಿಗೆ ಪತ್ರ ಕೊಟ್ಟೆ. ತಿಂಗಳು ಬಿಟ್ಟು ಬಂದರು, ಇನ್ನೊಂದು ಕೊಟ್ಟೆ. ಮೂರನೇ ಸಲ ಬಂದಾಗ ಅವರ ಕಣ್ಣಲ್ಲಿ ನೀರಿತ್ತು. ಅವತ್ತು ಕೂರಿಸಿ ಕೇಳಿದೆ. "ಅವ್ವಾ, ಬ್ಯಾಂಕಲ್ಲಿ ಒಂದೇ ಖಾತೆನಾ?" "ಇಲ್ಲ ಕಣಪ್ಪ, ಡೈರಿ ದುಡ್ಡಿಗೆ ಅಂತ ಸೊಸೆ ಇನ್ನೊಂದು ಮಾಡ್ಸವ್ಳೆ." ಆ ಹೊಸ ಖಾತೆಗೆ ಆಧಾರ್ ಜೋಡಿಸಿದ್ದರು. ಪಿಂಚಣಿ ಈಗ ಹೋಗುವುದು ಆಧಾರ್ ಹಿಡಿದು. ಕೊನೆಯದಾಗಿ ಯಾವ ಖಾತೆಗೆ ಆಧಾರ್ ಮ್ಯಾಪಿಂಗ್ ಆಗಿದೆಯೋ ಆ ಖಾತೆಗೆ ದುಡ್ಡು ಬೀಳುತ್ತದೆ. ಅಜ್ಜಿ ಮಾತ್ರ ಪ್ರತಿ ತಿಂಗಳೂ ಹಳೇ ಪಾಸ್‌ಬುಕ್ಕನ್ನೇ ಬ್ಯಾಂಕಿಗೆ ಒಯ್ಯುತ್ತಿದ್ದರು. ಹೊಸ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಅಷ್ಟೂ ತಿಂಗಳ ಹಣ ಅಲ್ಲೇ ಇತ್ತು.

ನನ್ನ ಎರಡು ಪತ್ರದಿಂದ ಏನೂ ಆಗಿರಲಿಲ್ಲ. ಒಂದು ಪ್ರಶ್ನೆಯಿಂದ ಆಯಿತು. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳದೆ ವಯಸ್ಸಾದವರನ್ನು ಮೂರು ಸಲ ಬಸ್ಸು ಹತ್ತಿಸಿದ್ದು ನನ್ನ ತಪ್ಪು. ಅವತ್ತಿಂದ ಕಚೇರಿಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಅರ್ಜಿ ಕೊಟ್ಟ ರಸೀದಿ ನೋಡದೆ ಪತ್ರ ಬರೆಯೋದಿಲ್ಲ.

ರಸೀದಿ ಅಂದರೆ ಮುಖ್ಯವಾಗಿ ಸಕಾಲ ಸಂಖ್ಯೆ. ಸರ್ಕಾರಿ ಸೇವೆಯನ್ನು ಗೊತ್ತಾದ ಅವಧಿಯೊಳಗೆ ಕೊಡಲೇಬೇಕು ಅನ್ನುವ ಸಕಾಲ ಕಾಯ್ದೆ 2012ರಿಂದ ರಾಜ್ಯದಲ್ಲಿ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಹಾಕಿದರೆ 15 ಅಂಕಿಯ ಒಂದು ಸಂಖ್ಯೆ ಕೊಡಬೇಕು. ಆ ಸಂಖ್ಯೆ ಇದ್ದರೆ ಅರ್ಜಿ ಗ್ರಾಮ ಆಡಳಿತ ಅಧಿಕಾರಿ ಹತ್ತಿರ ಇದೆಯಾ, ಕಂದಾಯ ನಿರೀಕ್ಷಕರ (ಆರ್‌ಐ) ಹತ್ತಿರ ಇದೆಯಾ, ನಾಡಕಚೇರಿಯ ಉಪ ತಹಶೀಲ್ದಾರರ ಹತ್ತಿರ ಇದೆಯಾ ಅಂತ ತಿಳಿಯಬಹುದು. ಆಗ ಶಾಸಕರು ಫೋನ್ ಮಾಡಿದರೆ ಮಾತು ಬೇರೆಯೇ ಆಗುತ್ತದೆ. "ನಮ್ಮವರದು ಸ್ವಲ್ಪ ನೋಡಿ" ಅನ್ನೋದಕ್ಕೂ "ಈ ನಂಬರಿನ ಅರ್ಜಿ ನಿಮ್ಮ ಆರ್‌ಐ ಹತ್ತಿರ ಅವಧಿ ಮೀರಿ ಕೂತಿದೆ, ಕಾರಣ ಹೇಳಿ" ಅನ್ನೋದಕ್ಕೂ ತುಂಬಾ ವ್ಯತ್ಯಾಸ. ಎರಡನೇ ಮಾತಿಗೆ ಉತ್ತರ ಕೊಡಲೇಬೇಕಾಗುತ್ತದೆ.

ನಮ್ಮ ಕಡೆ ಜಾಸ್ತಿ ಬರುತ್ತಿದ್ದದ್ದು ಪೌತಿ ಖಾತೆಯ ಕಷ್ಟ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದು. ಜಮೀನು ಇನ್ನೂ ತಾತನ ಹೆಸರಲ್ಲೇ ಇರುತ್ತದೆ. ತಾತ ತೀರಿಕೊಂಡು ಮೂವತ್ತು ವರ್ಷ, ಅಪ್ಪನೂ ಇಲ್ಲ. ಮೊಮ್ಮಗ ಕಬ್ಬು ಬೆಳೆಯುತ್ತಿದ್ದಾನೆ, ಪಹಣಿಯಲ್ಲಿ ಮಾತ್ರ ಅವನ ಹೆಸರಿಲ್ಲ. ಅವನಿಗೆ ಬೆಳೆ ಸಾಲ ಸಿಗೋದಿಲ್ಲ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಬರೋದಿಲ್ಲ. ಬೆಳೆ ಹಾಳಾದರೆ ಪರಿಹಾರವೂ ಕಷ್ಟ. ಇದಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಹಳೇ ಸಾವನ್ನು ಆಗ ಯಾರೂ ಬರೆಸಿರೋದಿಲ್ಲ. 21 ದಿನದೊಳಗೆ ಬರೆಸಿದ್ದರೆ ಸಲೀಸು. ವರ್ಷ ದಾಟಿದರೆ ಮೇಲಿನವರ ಆದೇಶ ತರಬೇಕು. ಹಾಗಾಗಿ ಮನೆಯಲ್ಲಿ ಸಾವಾದರೆ ತಿಥಿ ಓಡಾಟದ ನಡುವೆಯೇ ಪಂಚಾಯ್ತಿಗೆ ಹೋಗಿ ಬರೆಸಿಬಿಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತೇನೆ.

ವಂಶವೃಕ್ಷದಲ್ಲಿ ಇನ್ನೊಂದು ವಿಷಯ ಬರುತ್ತದೆ. ಅಣ್ಣತಮ್ಮಂದಿರು ಬಂದು, "ಅಕ್ಕ ಮದುವೆಯಾಗಿ ಹೋಗಿ ಇಪ್ಪತ್ತು ವರ್ಷ ಆಯ್ತು, ಅವಳ ಹೆಸರು ಬಿಟ್ಟು ಖಾತೆ ಮಾಡೋಕೆ ಒಂದು ಮಾತು ಹೇಳಿಸಿ" ಅನ್ನುತ್ತಿದ್ದರು. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಹೆಸರು ಬಿಟ್ಟು ವಂಶವೃಕ್ಷ ಬರೆಸಿದರೆ ಅದು ಸುಳ್ಳು ದಾಖಲೆ. ನಾಳೆ ಆ ಅಕ್ಕ ತಕರಾರು ಹಾಕಿದರೆ ಖಾತೆಯೂ ನಿಲ್ಲುತ್ತದೆ, ಸಂಬಂಧವೂ ಹೋಗುತ್ತದೆ. ಇಂಥ ಮಾತು ಹೇಳಿಸಿ ಅಂತ ಶಾಸಕರನ್ನು ಕೇಳಬೇಡಿ. ಅಕ್ಕನನ್ನೂ ಕರೆದುಕೊಂಡು ಬನ್ನಿ. ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ ಮಾಡಿಸಲು ಒಪ್ಪಿದರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ಕೋರ್ಟಿನಲ್ಲಿರುವ ವ್ಯಾಜ್ಯಕ್ಕೂ ಇದೇ ಮಾತು. ಅಲ್ಲಿ ಶಾಸಕರು ಕೈ ಹಾಕುವಂತಿಲ್ಲ, ಹಾಕಲೂಬಾರದು.

ಶಾಸಕರ ಕೈಯಲ್ಲೇ ಇರುವ ಕೆಲಸಗಳೂ ಇವೆ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಅವರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಮೂನೆ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರು ಸಮಿತಿ ಸಭೆ ಯಾವಾಗ ಅಂತ ಶಾಸಕರನ್ನೇ ನೇರವಾಗಿ ಕೇಳಬಹುದು. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ. ಕೇಳೋಕೆ ದೊಡ್ಡ ಮೊತ್ತ. ನಮ್ಮಂಥ ಕ್ಷೇತ್ರದಲ್ಲಿ ಮತದಾರರೇ ಸುಮಾರು 2 ಲಕ್ಷ. ತಲೆಗೆ ಹಂಚಿದರೆ ವರ್ಷಕ್ಕೆ ನೂರು ರೂಪಾಯಿ ಆಗುತ್ತದೆ. ಅದರಲ್ಲೇ ಶಾಲೆ ಕೊಠಡಿ, ಚರಂಡಿ, ಸಮುದಾಯ ಭವನ ಎಲ್ಲ ಆಗಬೇಕು. ಹಣ ಬಿಡುಗಡೆ ಮಾಡುವುದೂ ಶಾಸಕರಲ್ಲ, ಜಿಲ್ಲಾಧಿಕಾರಿ.

ಮಂಗಳವಾರ, ಬುಧವಾರ ಹೆಚ್ಚಾಗಿ ಬೆಂಗಳೂರು. ವಿಧಾನಸೌಧದಲ್ಲಿ ಇಲಾಖೆಯಿಂದ ಇಲಾಖೆಗೆ ಫೈಲು ಹಿಂದೆ ಓಡಾಟ. ಗುರುವಾರ ತಾಲ್ಲೂಕು ಕಚೇರಿಗಳು, ಶುಕ್ರವಾರ, ಶನಿವಾರ ಹಳ್ಳಿ ಪ್ರವಾಸ. ಭಾನುವಾರ ಮದುವೆ, ತಿಥಿ, ಬೀಗರ ಊಟ. "ಎಮ್ಮೆಲ್ಲೆ ಬರೀ ಊಟಕ್ಕೆ ಓಡಾಡ್ತಾರೆ" ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರೆ, ಬರದಿದ್ದರೆ ಅದಕ್ಕಿಂತ ಜಾಸ್ತಿ ಬೇಜಾರು ಮಾಡಿಕೊಳ್ಳುತ್ತಾರೆ. ಒಂದು ಮಾತು ಮಾತ್ರ ನೆನಪಿಡಿ. ಬೀಗರ ಊಟದ ಶಾಮಿಯಾನದಲ್ಲಿ ಅರ್ಜಿ ಕೊಡಬೇಡಿ. ಆ ಚೀಟಿ ಗನ್‌ಮ್ಯಾನ್ ಜೇಬಿಗೋ ಡ್ರೈವರ್ ಸೀಟಿನ ಪಕ್ಕಕ್ಕೋ ಹೋಗುತ್ತದೆ. ನಮ್ಮ ಪುಸ್ತಕಕ್ಕೆ ಏರೋದಿಲ್ಲ.

ಆ ಪುಸ್ತಕದ ಬಗ್ಗೆ ಹೇಳಲೇಬೇಕು. ಉದ್ದನೆಯ ಲೆಡ್ಜರ್. ಊರು, ಹೆಸರು, ಇಲಾಖೆ, ರಸೀದಿ ಸಂಖ್ಯೆ, ಏನಾಯಿತು. ಒಂದು ಬೇಸಿಗೆಯಲ್ಲಿ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗಿದೆ ಅಂತ ನಾಲ್ಕು ಬೇರೆ ಬೇರೆ ಊರಿನವರು ಬಂದರು. ಬಂದಾಗೆಲ್ಲ ವಿದ್ಯುತ್ ಕಂಪನಿ ಸೆಸ್ಕ್‌ನ ಎಂಜಿನಿಯರಿಗೆ ಫೋನ್ ಮಾಡಿ ಟಿಸಿ ಬದಲಾಯಿಸಿಸಿದೆವು. ವಾರ ಬಿಟ್ಟು ಪುಸ್ತಕ ತಿರುವಿದರೆ ಆ ನಾಲ್ಕೂ ಊರು ಒಂದೇ ಫೀಡರ್, ಅಂದರೆ ಒಂದೇ ವಿದ್ಯುತ್ ಲೈನ್ ಮೇಲಿದ್ದವು. ಸುಟ್ಟ ಟಿಸಿ ಬದಲಾಯಿಸುತ್ತಾ ಕೂತರೆ ಮುಗಿಯದ ಕೆಲಸ ಅದು, ಲೋಡೇ ಜಾಸ್ತಿಯಾಗಿತ್ತು. ಆ ವಿಷಯವನ್ನು ಶಾಸಕರು ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ ಸಭೆಗೆ ಒಯ್ದರು. ಆ ಸಭೆಗೆ ಅವರದೇ ಅಧ್ಯಕ್ಷತೆ, ಎಲ್ಲ ಇಲಾಖೆಯವರೂ ಎದುರಿಗಿರುತ್ತಾರೆ. ಊರಿನ ಹೆಸರು, ತಾರೀಕು ಓದಿ ಹೇಳಿದ ಮೇಲೆ ಹೆಚ್ಚುವರಿ ಟಿಸಿಗೆ ಪ್ರಸ್ತಾವ ಹೋಯಿತು. ಅಲ್ಲೂ ಆಗದ್ದು ಸದನದಲ್ಲಿ ಪ್ರಶ್ನೆಯಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಬೇಕು.

ಸದನದ ಪ್ರಶ್ನೆ ಹುಟ್ಟೋದು ಬೆಂಗಳೂರಲ್ಲಿ ಅಂತ ಅನೇಕರು ತಿಳಿದಿದ್ದಾರೆ. ನಾನು ಕಂಡಂತೆ ಒಳ್ಳೆಯ ಪ್ರಶ್ನೆಗಳೆಲ್ಲ ಸೋಮವಾರದ ಪ್ಲಾಸ್ಟಿಕ್ ಕವರ್‌ನಿಂದ ಬಂದವು. ನಮ್ಮ ಸೀಮೆಗೆ ಇದು ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 144 ಸದಸ್ಯರು ದಸರಾ ಹೊತ್ತಿಗೆ ಅಲ್ಲಿ ಸೇರಿದರು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ತಮ್ಮ ತಾಲ್ಲೂಕಿನ ಕಷ್ಟವನ್ನು ಎದ್ದು ಹೇಳಬಹುದಿತ್ತು. ಹೇಳೋದೊಂದೇ ಕೈಯಲ್ಲಿದ್ದಾಗ ವಿವರವಾಗಿ ಹೇಳಬೇಕಾಗುತ್ತದೆ, ಅಲ್ವಾ? ಇವತ್ತಿನ ಅರ್ಜಿಗೂ ಅದೇ ಬೇಕು. "ನಾಲೆಗೆ ನೀರು ಬಿಡಿಸಿ" ಅಂತ ಬರೆದರೆ ಏನೂ ಮಾಡಲಾಗದು. ವಿಶ್ವೇಶ್ವರಯ್ಯ ನಾಲೆಯ ಯಾವ ಉಪನಾಲೆ, ಯಾವ ತೂಬು, ಸರದಿ ಮೇಲೆ ಬಿಡುವ ಕಟ್ಟು ನೀರು ಯಾವ ತಾರೀಕಿಂದ ಬಂದಿಲ್ಲ ಅಂತ ಬರೆದರೆ ಎಂಜಿನಿಯರ್ ಅವತ್ತೇ ನೀರು ಬಿಡುವ ಸೌಡಿಯನ್ನು ಕಳಿಸಬಹುದು.

ಆಸ್ಪತ್ರೆ ವಿಷಯಕ್ಕೆ ಮಾತ್ರ ಸೋಮವಾರಕ್ಕೆ ಕಾಯಬೇಡಿ, ರಾತ್ರಿಯಾದರೂ ಫೋನ್ ಮಾಡಿ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿ, ಬಿಲ್ಲಾದ ಮೇಲೆ ಬಂದು ಅಳುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಆಮೇಲೆ ಉಳಿಯುವುದು ಮುಖ್ಯಮಂತ್ರಿ ಪರಿಹಾರ ನಿಧಿಯ ಅರ್ಜಿ. ಅದಕ್ಕೆ ಅಸಲಿ ಬಿಲ್ಲುಗಳು ಬೇಕು, ಯಾವುದನ್ನೂ ಎಸೆಯಬೇಡಿ.

ಕೆಲಸ ಆದ ಮೇಲೂ ಒಂದು ಫೋನ್ ಮಾಡಿ ತಿಳಿಸಿ. ಮಾಡದಿದ್ದರೆ ಪುಸ್ತಕದಲ್ಲಿ ನಿಮ್ಮ ಸಾಲು ಬಾಕಿ ಅಂತಲೇ ಉಳಿಯುತ್ತದೆ. ಮುಂದಿನ ಸಭೆಯಲ್ಲಿ, ಕೆಲಸ ಮಾಡಿಕೊಟ್ಟ ಅಧಿಕಾರಿಯನ್ನೇ ಎಲ್ಲರೆದುರು ನಿಲ್ಲಿಸಿ ಕೇಳಬೇಕಾಗುತ್ತದೆ.