ಬಜೆಟ್ ಪುಸ್ತಕದಲ್ಲಿ ಕಾಣದ ಕಡಿತ

ರಿಟರ್ನ್ ಫೈಲ್ ಮಾಡುವ ಸೀಸನ್ ಬಂತೆಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಕೇಳುವುದು ಒಂದೇ: "ಸರ್, ಈ ಸಲ ಎಷ್ಟು ಉಳೀತು?" 2025ರ ಬಜೆಟ್ ಆದಮೇಲೆ ಖುಷಿಯ ಉತ್ತರವೇ ಇದೆ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಸಂಬಳದಾರರಿಗೆ 12.75 ಲಕ್ಷ. ಇದಕ್ಕಾಗಿ ಸುಮಾರು 1 ಲಕ್ಷ ಕೋಟಿ ರೂಪಾಯಿ ವರಮಾನ ಬಿಡುತ್ತಿದ್ದೇವೆ ಎಂದು ನಿರ್ಮಲಾ ಸೀತಾರಾಮನ್ ಭಾಷಣದಲ್ಲೇ ಹೇಳಿದರು. 2019ರಲ್ಲಿ ಕಂಪನಿ ತೆರಿಗೆಯನ್ನು ಶೇ 22ಕ್ಕೆ ಇಳಿಸಿದಾಗ ಬಿಟ್ಟದ್ದು, ಸರ್ಕಾರದ್ದೇ ಲೆಕ್ಕದಲ್ಲಿ, ವರ್ಷಕ್ಕೆ 1.45 ಲಕ್ಷ ಕೋಟಿ.

ಹಾಗಾದರೆ ಬಡವರ ಯೋಜನೆಗಳಿಗೆ ಕತ್ತರಿ ಬಿತ್ತಾ? ಪುಸ್ತಕದಲ್ಲಿ ಕತ್ತರಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಮೊತ್ತ ಸುಮ್ನೆ ಇದ್ದಲ್ಲೇ ಇರುತ್ತದೆ.

ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿ ನೋಡಿ. 2007ರಲ್ಲಿ ಕೇಂದ್ರ ಕೊಡುತ್ತಿದ್ದದ್ದು ತಿಂಗಳಿಗೆ 200 ರೂಪಾಯಿ. 80 ದಾಟಿದವರಿಗೆ ಆಮೇಲೆ 500 ಆಯಿತು. ಉಳಿದವರಿಗೆ 2025ರಲ್ಲೂ 200. 2007ರ ಬಜೆಟ್‌ನಲ್ಲಿ ಗಂಡಸರಿಗೆ ತೆರಿಗೆ ಇಲ್ಲದ ಮಿತಿ 1,10,000 ರೂಪಾಯಿ ಇತ್ತು. ಈಗಿನ 12 ಲಕ್ಷ ರಿಬೇಟ್ (ಲೆಕ್ಕ ಹಾಕಿದ ತೆರಿಗೆಯಲ್ಲಿ ಕೊಡುವ ರಿಯಾಯಿತಿ) ಸೇರಿಸಿದ ಲೆಕ್ಕ, ಎರಡೂ ಒಂದೇ ಅಲ್ಲ, ಒಪ್ಪಿದೆ. ಆದರೂ ಬೆಲೆ ಏರಿದೆ ಎಂದು ತೆರಿಗೆ ಕಟ್ಟುವವರ ಮಿತಿ ಏರಿಸಿದ ಸರ್ಕಾರಕ್ಕೆ ಅಜ್ಜಿಯ ಔಷಧಿ ಅಂಗಡಿಯಲ್ಲೂ ಬೆಲೆ ಏರಿದ್ದು ಗೊತ್ತಿರಬೇಕು, ಅಲ್ವಾ? ಅಂದಿನ 200ರ ಬೆಲೆ ಉಳಿಯಬೇಕಾದರೆ ಇವತ್ತು 500ಕ್ಕಿಂತ ಜಾಸ್ತಿ ಬೇಕು. ಮೊತ್ತ ಹೆಚ್ಚಿಸಿ ಎಂದು ಸಂಸತ್ತಿನ ಸ್ಥಾಯಿ ಸಮಿತಿ ಹಲವು ಸಲ ಹೇಳಿದೆ. ಕರ್ನಾಟಕದಲ್ಲಿ ಕೈಗೆ ಇದಕ್ಕಿಂತ ಜಾಸ್ತಿ ಬರುತ್ತದೆ ನಿಜ, ಅದು ರಾಜ್ಯ ತನ್ನ ಜೇಬಿನಿಂದ ಸೇರಿಸುವ ದುಡ್ಡು.

ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ ನರೇಗಾದ್ದು ಬೇರೆ ಕಥೆ. 2022-23ರ ಪರಿಷ್ಕೃತ ಅಂದಾಜು, ಅಂದರೆ ವರ್ಷದ ನಡುವೆ ತಿದ್ದಿದ ಲೆಕ್ಕ, 89,400 ಕೋಟಿ. ಮುಂದಿನ ವರ್ಷಕ್ಕೆ ಇಟ್ಟದ್ದು 60,000 ಕೋಟಿ. ಇದು ಕಡಿತವಲ್ಲ, ಬೇಡಿಕೆ ಬಂದರೆ ಕೊಡುತ್ತೇವೆ ಎನ್ನುವುದು ಆಗ ಸರ್ಕಾರದ ವಾದವಾಗಿತ್ತು. ಕೊನೆಗೆ ಅದು 86,000 ಕೋಟಿಗೆ ಏರಿತು ಕೂಡ. ಆದರೆ ವರ್ಷದ ನಡುವೆ ದುಡ್ಡು ಮುಗಿದರೆ ಕೂಲಿ ತಡವಾಗುತ್ತದೆ. ಕೂಲಿ ತಡವಾದರೆ ಜನ ಕೆಲಸ ಕೇಳುವುದನ್ನೇ ಬಿಡುತ್ತಾರೆ. ಆಮೇಲೆ "ಬೇಡಿಕೆ ಕಮ್ಮಿಯಾಗಿದೆ" ಎಂದು ಬರೆದುಕೊಳ್ಳಬಹುದು!

ಸರ್ಕಾರ ಖರ್ಚೇ ಮಾಡುತ್ತಿಲ್ಲ ಅಂತಲ್ಲ. ರಸ್ತೆ, ರೈಲಿನಂಥ ಬಂಡವಾಳ ವೆಚ್ಚಕ್ಕೆ 2025-26ರಲ್ಲಿ 11.21 ಲಕ್ಷ ಕೋಟಿ ಇಟ್ಟಿತು. ಅದು ಬೇಕು. ತೆರಿಗೆ ಉಳಿದದ್ದು ನನಗೂ ಬೇಕು. ಆದರೆ ಬಜೆಟ್ ದಿನ ಟಿವಿಯಲ್ಲಿ ಸ್ಲ್ಯಾಬ್ ನೋಡಿ ಎದ್ದು ಹೋಗಬೇಡಿ. ವೆಚ್ಚದ ಪುಸ್ತಕದಲ್ಲಿ ಗ್ರಾಮೀಣಾಭಿವೃದ್ಧಿ ಪುಟ ತೆಗೆದು ಹೋದ ವರ್ಷದ ಪರಿಷ್ಕೃತ ಅಂದಾಜನ್ನು ಈ ವರ್ಷದ ಅಂದಾಜಿನ ಪಕ್ಕ ಇಟ್ಟು ನೋಡಿ. ಈ ಪಿಂಚಣಿಗಳೆಲ್ಲ ಸೇರುವ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ 2024-25ರ ಬಜೆಟ್‌ನಲ್ಲಿ ಇಟ್ಟದ್ದು 9,652 ಕೋಟಿ. 2025-26ರಲ್ಲೂ 9,652 ಕೋಟಿ.