ಡಾಲ್ಫಿನ್ ಬಿಡುವ ಶಬ್ದ ಎಷ್ಟು ಅಗಲ? ಅಳೆಯೋದು ಹೇಗೆ?

ಓದುಗರ ಪ್ರಶ್ನೆ: ಡಾಲ್ಫಿನ್ ಟಾರ್ಚ್ ಬಿಟ್ಟ ಹಾಗೆ ಶಬ್ದವನ್ನು ಮುಂದಕ್ಕೇ ಬಿಡುತ್ತದೆ, ಅದರ ಪ್ರತಿಧ್ವನಿ ಕೇಳಿ ಮೀನು ಹಿಡಿಯುತ್ತದೆ ಎಂದು ಓದಿದ್ದೇನೆ. ಆ ಶಬ್ದ ನಮ್ಮ ಕಿವಿಗೆ ಕೇಳುವುದಿಲ್ಲ, ಕಣ್ಣಿಗಂತೂ ಕಾಣುವುದೇ ಇಲ್ಲ. ಹಾಗಿರುವಾಗ ಅದು ಎಷ್ಟು ಅಗಲಕ್ಕೆ ಹರಡುತ್ತದೆ ಎಂದು ಹೇಗೆ ಅಳೆದರು?

ಉತ್ತರ: ಡಾಲ್ಫಿನ್ ಮುಂದೆ ನೀರಿನೊಳಗೆ ಸಾಲಾಗಿ ಹೈಡ್ರೊಫೋನ್‌ಗಳನ್ನು ಇಳಿಬಿಡುತ್ತಾರೆ. ಹೈಡ್ರೊಫೋನ್ ಅಂದರೆ ನೀರಿನಲ್ಲಿ ಕೆಲಸ ಮಾಡುವ ಮೈಕ್, ಅಷ್ಟೇ. ಡಾಲ್ಫಿನ್ ಒಂದು ಸಲ 'ಕ್ಲಿಕ್' ಮಾಡಿದಾಗ ಆ ಒಂದೇ ಕ್ಲಿಕ್ ಯಾವ ಮೈಕಿಗೆ ಎಷ್ಟು ಜೋರಾಗಿ ತಲುಪಿತು ಎಂದು ಹೋಲಿಸಿ ನೋಡುತ್ತಾರೆ. ಎಲ್ಲಕ್ಕಿಂತ ಜೋರಾಗಿ ಸಿಕ್ಕ ಜಾಗ ನಡುಮಧ್ಯ. ಅಲ್ಲಿಂದ ಎರಡೂ ಪಕ್ಕಕ್ಕೆ ಹೋದಂತೆ ಶಕ್ತಿ ಇಳಿಯುತ್ತದೆ. ಅದು ಅರ್ಧಕ್ಕೆ, ಅಂದರೆ 3 ಡೆಸಿಬೆಲ್ ಕೆಳಕ್ಕೆ ಇಳಿದ ಕಡೆ ಗೆರೆ ಎಳೆದರೆ ಆ ಎರಡು ಗೆರೆಗಳ ನಡುವಿನ ಕೋನವೇ ಶಬ್ದದ ಅಗಲ.

ಬಾಟಲ್‌ನೋಸ್ ಡಾಲ್ಫಿನ್‌ನಲ್ಲಿ ಇದು ಅಡ್ಡಕ್ಕೂ ಉದ್ದಕ್ಕೂ ಸುಮಾರು 10 ಡಿಗ್ರಿ. ಲೆಕ್ಕ ಹಾಕಿದರೆ 10 ಮೀಟರ್ ದೂರದಲ್ಲಿ ಇದರ ಅಗಲ ಒಂದು ಮುಕ್ಕಾಲು ಮೀಟರ್. 100 ಮೀಟರ್ ದೂರದಲ್ಲಿ 17 ಮೀಟರ್ ದಾಟುತ್ತದೆ. ಟಾರ್ಚ್ ಹೋಲಿಕೆ ಸರಿಯಾಗಿಯೇ ಇದೆ. ಆದರೆ ಗೆರೆಯಾಚೆ ಪೂರ್ತಿ ಮೌನ ಅಂದುಕೊಳ್ಳಬೇಡಿ. ಅಲ್ಲೂ ಶಬ್ದ ಇರುತ್ತದೆ, ಮೆಲ್ಲಗೆ ಮತ್ತು ಸ್ವಲ್ಪ ಕೆಟ್ಟು.

ಹೇಳೋಕೆ ಇಷ್ಟು ಸುಲಭ. ನಿಜವಾದ ತಲೆನೋವು ಮೈಕ್ ಅಲ್ಲ, ಡಾಲ್ಫಿನ್‌ನ ತಲೆ. ಹುಡುಕುವಾಗ ಅದು ತಲೆಯನ್ನು ಅತ್ತಿತ್ತ ಆಡಿಸುತ್ತಲೇ ಇರುತ್ತದೆ. ಕ್ಲಿಕ್ ಹೊರಟ ಆ ಕ್ಷಣದಲ್ಲಿ ಮೂತಿ ಯಾವ ಕಡೆಗಿತ್ತು ಎಂದು ಗೊತ್ತಿಲ್ಲದಿದ್ದರೆ ಅಳತೆಗೆ ಅರ್ಥವೇ ಇಲ್ಲ.

ಇದಕ್ಕೆ ಹವಾಯಿಯ ಕನಿಯೋಹೆ ಕೊಲ್ಲಿಯಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧಕರು ಬಳಸಿದ ಉಪಾಯ ಸರಳವಾಗಿದೆ. ಈ ಕೆಲಸದಲ್ಲಿ ದೊಡ್ಡ ಹೆಸರು ವಿಟ್ಲೋ ಆವು ಅವರದ್ದು. ನೀರಿನೊಳಗೆ ಅಲುಗಾಡದಂತೆ ಒಂದು ಪಟ್ಟಿಯನ್ನು ಕೂರಿಸಿರುತ್ತಾರೆ. ತರಬೇತಾದ ಡಾಲ್ಫಿನ್ ಬಂದು ಅದನ್ನು ಹಲ್ಲಿನಿಂದ ಕಚ್ಚಿಕೊಂಡು ನಿಲ್ಲುತ್ತದೆ. ಎದುರಿಗೆ ದೂರದಲ್ಲಿ ಒಂದು ಗೋಳವನ್ನೋ ಸಿಲಿಂಡರನ್ನೋ ಇಳಿಸುತ್ತಾರೆ, ಕೆಲವೊಮ್ಮೆ ಇಳಿಸುವುದಿಲ್ಲ. 'ಇದೆ' ಅಥವಾ 'ಇಲ್ಲ' ಎಂದು ಡಾಲ್ಫಿನ್ ತಿಳಿಸಬೇಕು. ಸರಿಯಾದರೆ ಮೀನು ಸಿಗುತ್ತದೆ. ನಡುವೆ ಇರುವ ಹೈಡ್ರೊಫೋನ್‌ಗಳು ಕ್ಲಿಕ್‌ಗಳನ್ನು ಹಿಡಿದುಕೊಳ್ಳುತ್ತವೆ.

ಈ ಪರೀಕ್ಷೆ ಸುಮ್ನೆ ಆಟಕ್ಕೆ ಇಟ್ಟದ್ದಲ್ಲ. ಕೆಲಸವೇ ಇಲ್ಲದಿದ್ದರೆ ಡಾಲ್ಫಿನ್ ಯಾಕೆ ಕ್ಲಿಕ್ ಮಾಡಬೇಕು, ಅಲ್ವಾ? ಮಾಡಿದರೂ ಪೂರ್ತಿ ಮನಸ್ಸಿಟ್ಟು ಮಾಡುತ್ತದೆ ಎಂದು ಹೇಳಲಾಗದು. ದೂರದ್ದನ್ನು ಹುಡುಕಲೇಬೇಕಾದ ಸ್ಥಿತಿ ತಂದಿಟ್ಟರೆ ಅದರ ಅಸಲಿ ಶಬ್ದ ಹೊರಗೆ ಬರುತ್ತದೆ. 1986ರಲ್ಲಿ ಪ್ರಕಟವಾದ ಅಳತೆಯಲ್ಲಿ ಮೇಲೆ ಹೇಳಿದ 10 ಡಿಗ್ರಿಯ ಜೊತೆಗೆ ಇನ್ನೊಂದು ವಿಷಯವೂ ಸಿಕ್ಕಿತು. ಶಬ್ದ ಹೊರಡುವುದು ಹಲ್ಲಿನ ಸಾಲಿಗೆ ನೇರವಾಗಿ ಅಲ್ಲ, ಸುಮಾರು 5 ಡಿಗ್ರಿ ಮೇಲಕ್ಕೆ.

ಜಾಗ ಬದಲಾದರೆ ಅಳತೆಯೂ ಬದಲಾಗುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸುವುದು ಇದೇ. ಮೊದಮೊದಲು ಕಾಂಕ್ರೀಟ್ ತೊಟ್ಟಿಗಳಲ್ಲಿ ಅಳೆದಾಗ ಕ್ಲಿಕ್‌ನ ಮುಖ್ಯ ಆವರ್ತನ (ಶಬ್ದ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ; ಸಾವಿರ ಸಲಕ್ಕೆ ಒಂದು ಕಿಲೋಹರ್ಟ್ಜ್) 30ರಿಂದ 60 ಕಿಲೋಹರ್ಟ್ಜ್ ಎಂದು ಬಂದಿತ್ತು. 1974ರಲ್ಲಿ ಕನಿಯೋಹೆ ಕೊಲ್ಲಿಯ ತೆರೆದ ನೀರಿನ ಅಳತೆ ಪ್ರಕಟವಾದಾಗ ಅದು 120 ಕಿಲೋಹರ್ಟ್ಜ್ ಆಸುಪಾಸಿನಲ್ಲಿತ್ತು, ಶಬ್ದವೂ ಎಷ್ಟೋ ಪಟ್ಟು ಜೋರು. ಕಾರಣ ಊಹಿಸಬಹುದು. ತೊಟ್ಟಿಯಲ್ಲಿ ಜೋರಾಗಿ ಕ್ಲಿಕ್ ಮಾಡಿದರೆ ಗೋಡೆಗೆ ಬಡಿದು ಎಲ್ಲ ಕಡೆಯಿಂದ ವಾಪಸ್ ಬರುತ್ತದೆ. ಹಾಗಾಗಿ ಅದು ಮೆಲ್ಲಗೆ ಕ್ಲಿಕ್ ಮಾಡುತ್ತದೆ. ಕೊಲ್ಲಿಯಲ್ಲಾದರೋ ಚಟಪಟ ಸದ್ದು ಮಾಡುವ ಸೀಗಡಿಗಳ ಗಲಾಟೆ ಜಾಸ್ತಿ. ಅದನ್ನು ಮೀರಿ ಪ್ರತಿಧ್ವನಿ ಕೇಳಬೇಕು. ಮೆಲ್ಲಗೆ ಮಾಡಿದ ಕ್ಲಿಕ್‌ನಲ್ಲಿ ಆವರ್ತನವೂ ಇಳಿಯುತ್ತದೆ, ಆವರ್ತನ ಇಳಿದರೆ ಶಬ್ದ ಅಗಲವಾಗಿ ಹರಡುತ್ತದೆ. ಅಂದರೆ ತೊಟ್ಟಿಯಲ್ಲಿ ಸಿಗುವುದು ತೊಟ್ಟಿಯ ಡಾಲ್ಫಿನ್‌ನ ಅಳತೆ ಮಾತ್ರ.

ಯಂತ್ರದ ವಿಷಯವೂ ಒಂದಿಷ್ಟು ಇದೆ. ಒಂದು ಕ್ಲಿಕ್ ಇರುವುದು 40ರಿಂದ 70 ಮೈಕ್ರೊಸೆಕೆಂಡ್. ಹಾಡು ರೆಕಾರ್ಡ್ ಮಾಡುವ ಮಾಮೂಲಿ ಯಂತ್ರ ಹಿಡಿಯುವುದು 20 ಕಿಲೋಹರ್ಟ್ಜ್‌ವರೆಗೆ, ನಮ್ಮ ಕಿವಿಯ ಮಿತಿಯೂ ಅಷ್ಟೇ. ಇಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಅಳೆಯಬಲ್ಲ ಉಪಕರಣ ಬೇಕು, ಅದೂ ಎಲ್ಲ ಹೈಡ್ರೊಫೋನ್‌ಗಳಿಗೆ ಒಟ್ಟಿಗೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಕಟ್ಟಿದ ಜಾಲದಲ್ಲಿ 47 ಹೈಡ್ರೊಫೋನ್‌ಗಳಿದ್ದವು.

ಇನ್ನು ಡೆಸಿಬೆಲ್. ಕನಿಯೋಹೆಯಲ್ಲಿ 220 ಡೆಸಿಬೆಲ್ ದಾಟಿದ ಕ್ಲಿಕ್‌ಗಳು ಸಿಕ್ಕಿವೆ. ಇದನ್ನು ನೋಡಿದವರು 'ರಾಕೆಟ್‌ಗಿಂತ ಜೋರು' ಎಂದು ಬರೆದುಬಿಡುತ್ತಾರೆ. ಅದು ತಪ್ಪು. ನೀರಿನ ಡೆಸಿಬೆಲ್‌ಗೂ ಗಾಳಿಯ ಡೆಸಿಬೆಲ್‌ಗೂ ಲೆಕ್ಕದ ಬುಡವೇ ಬೇರೆ. ಹೋಲಿಸಬೇಕಾದರೆ ಸುಮಾರು 62 ಕಳೆಯಬೇಕು. ಅದೂ ಅಲ್ಲದೆ ಇಷ್ಟು ಚಿಕ್ಕ ಕ್ಲಿಕ್‌ನಲ್ಲಿ ಇರುವ ಒಟ್ಟು ಶಕ್ತಿ ಕಡಿಮೆಯೇ.

ಶಬ್ದ ಹುಟ್ಟುವುದು ಗಂಟಲಲ್ಲಿ ಅಲ್ಲ. ತಲೆಯ ಮೇಲಿನ ಉಸಿರಾಟದ ತೂತಿನ ಕೆಳಗೆ, ಮೂಗಿನ ದಾರಿಯಲ್ಲಿ ತುಟಿಯಂಥ ಎರಡು ಜೊತೆ ಭಾಗಗಳಿವೆ. ಗಾಳಿ ಒತ್ತಿದಾಗ ಅವು ಒಂದಕ್ಕೊಂದು ಬಡಿದು ಕ್ಲಿಕ್ ಆಗುತ್ತದೆ. ಹಿಂದೆ ತಲೆಬುರುಡೆ ಮತ್ತು ಗಾಳಿ ಚೀಲಗಳು ಶಬ್ದವನ್ನು ಮುಂದಕ್ಕೆ ತಿರುಗಿಸುತ್ತವೆ. ಹಣೆಯಲ್ಲಿ ಉಬ್ಬಿಕೊಂಡಿರುವ ಕೊಬ್ಬಿನ ಗಡ್ಡೆ ಅದನ್ನು ಒಟ್ಟುಗೂಡಿಸುತ್ತದೆ. ಹಣೆಗೆ ಚಿಕ್ಕ ಹೈಡ್ರೊಫೋನ್‌ಗಳನ್ನು ರಬ್ಬರ್ ಬಟ್ಟಲಿನಿಂದ ಅಂಟಿಸಿ, ಶಬ್ದ ಎಲ್ಲಿಂದ ಜೋರಾಗಿ ಹೊರಬರುತ್ತದೆ ಎಂದೂ ನೋಡಿದ್ದಾರೆ.

ಕೊಬ್ಬು ಮೆತ್ತಗಿರುತ್ತದೆ, ಆಕಾರ ಬದಲಾಗುತ್ತದೆ. ಹಾಗಾಗಿ 10 ಡಿಗ್ರಿ ಅನ್ನುವುದು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ. 2008ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಪಟ್ಟಿ ಕಚ್ಚಿಕೊಂಡು ನಿಂತ ಡಾಲ್ಫಿನ್ ತಲೆ ತಿರುಗಿಸದೆಯೇ 20 ಡಿಗ್ರಿಗೂ ಹೆಚ್ಚು ಪಕ್ಕದಲ್ಲಿದ್ದ ವಸ್ತುವನ್ನು ಪತ್ತೆ ಮಾಡಿತು. ಶಬ್ದವನ್ನೇ ಅತ್ತ ತಿರುಗಿಸುತ್ತಿತ್ತು, ಅಗಲವನ್ನೂ ಬದಲಿಸುತ್ತಿತ್ತು. ಡೆನ್ಮಾರ್ಕ್‌ನಲ್ಲಿ ಪೋರ್ಪಸ್‌ಗಳ ಮೇಲೆ ನಡೆದ ಕೆಲಸ 2015ರಲ್ಲಿ ಬಂತು. ಇವು ಡಾಲ್ಫಿನ್‌ನ ಹತ್ತಿರದ ಸಂಬಂಧಿಗಳು, ಗಾತ್ರದಲ್ಲಿ ಚಿಕ್ಕವು. ಮೀನು ಬಾಯಿಗೆ ಸಿಗುವ ಕೊನೇ ಗಳಿಗೆಯಲ್ಲಿ ಅವು ಶಬ್ದವನ್ನು ಅಗಲ ಮಾಡುತ್ತವೆ. ಇಲ್ಲದಿದ್ದರೆ ಹತ್ತಿರಕ್ಕೆ ಬಂದ ಮೀನು ಪಕ್ಕಕ್ಕೆ ಚಂಗನೆ ಜಾರಿಬಿಡುತ್ತದೆ.

ಹೊಳೆ, ಸಮುದ್ರದ ಕಾಡು ಡಾಲ್ಫಿನ್‌ಗೆ ಪಟ್ಟಿ ಕಚ್ಚಲು ಹೇಳುವವರು ಯಾರು? ಅಲ್ಲಿ ದೋಣಿಯಿಂದ ಹೈಡ್ರೊಫೋನ್ ಸಾಲು ಇಳಿಸಿ ಕಾಯಬೇಕು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಒಂದೊಂದು ಮೈಕಿಗೆ ಕ್ಲಿಕ್ ಬಂದು ಮುಟ್ಟಿದ ಸಮಯದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಅದರಿಂದ ಡಾಲ್ಫಿನ್ ಎಲ್ಲಿತ್ತು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ನಡುವಿನ ಮೈಕಿನಲ್ಲಿ ಜೋರಾಗಿ, ಎರಡೂ ಬದಿಯಲ್ಲಿ ಮೆಲ್ಲಗೆ ದಾಖಲಾದ ಕ್ಲಿಕ್‌ಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಅವು ನೇರ ಮೈಕಿನ ಕಡೆಗೇ ಬಿಟ್ಟವು. ಪಕ್ಕದಿಂದ ಕೇಳಿದ ಕ್ಲಿಕ್‌ನಲ್ಲಿ ಮೇಲಿನ ಆವರ್ತನಗಳು ಉದುರಿಹೋಗಿರುತ್ತವೆ, ಆಕಾರವೂ ಎಳೆದಂತಾಗಿರುತ್ತದೆ. ಹಿಡಿದದ್ದರಲ್ಲಿ ಹೆಚ್ಚಿನ ಪಾಲನ್ನು ಹೀಗೆ ಬಿಟ್ಟೇ ಬಿಡಬೇಕಾಗುತ್ತದೆ.

ಸುಂದರಬನದಲ್ಲಿ ಗಂಗಾ ಡಾಲ್ಫಿನ್‌ಗಳನ್ನು ಹೀಗೆ ಅಳೆದದ್ದು 2013ರಲ್ಲಿ ಪ್ರಕಟವಾಯಿತು. ಸರಾಸರಿ 184 ಡೆಸಿಬೆಲ್. ಸಮುದ್ರದ ನೆಂಟರ ಮುಂದೆ ತೀರಾ ಮೆಲ್ಲಗೆ. ಆಳವಿಲ್ಲದ ನದಿಯಲ್ಲಿ ಕಿರುಚಿದರೆ ತಳ, ದಂಡೆ, ಕಸಕಡ್ಡಿ ಎಲ್ಲದರ ಪ್ರತಿಧ್ವನಿ ಮುತ್ತಿಕೊಳ್ಳುತ್ತದೆ. ಈ ಗಾತ್ರದ ಪ್ರಾಣಿಯಲ್ಲಿ ನಿರೀಕ್ಷಿಸುವುದಕ್ಕಿಂತ ಆವರ್ತನವೂ ಅರ್ಧಕ್ಕೆ ಹತ್ತಿರ. ಹಾಗಿದ್ದ ಮೇಲೆ ಶಬ್ದ ತುಂಬ ಅಗಲವಾಗಿ ಹರಡಬೇಕಿತ್ತು. ಆದರೆ ಅಂದಾಜು ಅಗಲ ಪೋರ್ಪಸ್‌ನಷ್ಟೇ ಬಂತು. ಈ ಡಾಲ್ಫಿನ್‌ನ ಹಣೆಯ ಎರಡೂ ಬದಿಯಲ್ಲಿ, ಸಿಂಧೂ ನದಿಯ ಡಾಲ್ಫಿನ್ ಬಿಟ್ಟರೆ ಬೇರೆ ಯಾವ ಡಾಲ್ಫಿನ್‌ಗೂ ಇಲ್ಲದ ಮೂಳೆಯ ರೆಕ್ಕೆಗಳಿವೆ. ಶಬ್ದವನ್ನು ಒತ್ತಿ ಹಿಡಿಯುವುದು ಅವೇ ಇರಬಹುದು ಎಂಬುದು ಸಂಶೋಧಕರ ಊಹೆ.

ಇಷ್ಟೆಲ್ಲ ಅಳೆದು ಏನು ಲಾಭ ಅಂದರೆ, ಎಣಿಕೆಗೆ ಬೇಕು. ಕಲಕು ನೀರಿನಲ್ಲಿ ಡಾಲ್ಫಿನ್ ಕಣ್ಣಿಗೆ ಬೀಳುವುದು ಅಪರೂಪ, ಹಾಗಾಗಿ ಹೈಡ್ರೊಫೋನ್ ಇಟ್ಟು ಕ್ಲಿಕ್ ಎಣಿಸುವ ವಿಧಾನ ಚಾಲ್ತಿಯಲ್ಲಿದೆ. ನಮ್ಮ ಕಾರವಾರದ ಕಡೆ ಕಾಣುವ ಹಂಪ್‌ಬ್ಯಾಕ್ ಡಾಲ್ಫಿನ್‌ಗಳಿಗೂ ಇದೇ ವಿಧಾನ ಹೊಂದುತ್ತದೆ. ಆದರೆ ಡಾಲ್ಫಿನ್ ಮೈಕಿಗೆ ಬೆನ್ನು ಹಾಕಿ ಹೋದರೆ, ಹತ್ತಿರದಲ್ಲೇ ಇದ್ದರೂ ಕ್ಲಿಕ್ ದಾಖಲಾಗದೇ ಇರಬಹುದು. ಶಬ್ದದ ಅಗಲ ಗೊತ್ತಿದ್ದರೆ, ಹೀಗೆ ತಪ್ಪಿಹೋದವು ಎಷ್ಟಿರಬಹುದು ಎಂದು ಅಂದಾಜು ಮಾಡಿ ಲೆಕ್ಕಕ್ಕೆ ಸೇರಿಸಬಹುದು.