ಗುರುತ್ವಾಕರ್ಷಣೆ: ರಾಶಿಯ ಬಲ, ದೂರದ ಲೆಕ್ಕ

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಕಡೆ, ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಘನಾಶಿನಿ ಹೊಳೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಕಗ್ಗ ಭತ್ತ ಬೆಳೆಯುವವರಿಗೂ, ಇಳಿತ ನೋಡಿಕೊಂಡು ಬಳಚು (ಚಿಪ್ಪುಮೀನು) ಆರಿಸಲು ಹೊಳೆಗಿಳಿಯುವವರಿಗೂ ಈ ಹೊತ್ತು ಬಾಯಿಪಾಠ. ಇಂದಿನ ಭರತಕ್ಕಿಂತ (ಕಡಲ ಏರಿಕೆಗಿಂತ) ನಾಳಿನದು ಸುಮಾರು 50 ನಿಮಿಷ ತಡ. ಚಂದ್ರ ನೆತ್ತಿಗೆ ಬರುವುದೂ ದಿನಕ್ಕೆ ಅಷ್ಟೇ ತಡ. ಅಂದರೆ ಕಡಲು ಮುಖ್ಯವಾಗಿ ಚಂದ್ರನ ಮಾತು ಕೇಳುತ್ತಿದೆ. ಆದರೆ ಸೂರ್ಯನ ರಾಶಿ (ದ್ರವ್ಯರಾಶಿ) ಚಂದ್ರನ ರಾಶಿಯ ಸುಮಾರು 2.7 ಕೋಟಿ ಪಟ್ಟು! ಸೆಳೆತ ಹುಟ್ಟುವುದು ರಾಶಿಯಿಂದಲೇ ಆಗಿದ್ದರೆ ಸೂರ್ಯ ಹಿಂದೆ ಬಿದ್ದದ್ದು ಹೇಗೆ?

1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮ ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇ. ಎರಡು ಕಾಯಗಳ ನಡುವಿನ ಗುರುತ್ವ ಬಲ ಅವುಗಳ ರಾಶಿಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿ, ನಡುವಿನ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಒಂದರ ರಾಶಿ ಇಮ್ಮಡಿಯಾದರೆ ಬಲವೂ ಇಮ್ಮಡಿ. ದೂರ ಇಮ್ಮಡಿಯಾದರೆ ಬಲ ಕಾಲು ಭಾಗ, ಮುಮ್ಮಡಿಯಾದರೆ ಒಂಬತ್ತರಲ್ಲಿ ಒಂದು ಭಾಗ. ಬಲ ಪರಸ್ಪರ: ಚಂದ್ರ ಭೂಮಿಯನ್ನು ಎಳೆಯುವಷ್ಟೇ ಬಲದಿಂದ ಭೂಮಿಯೂ ಚಂದ್ರನನ್ನು ಎಳೆಯುತ್ತದೆ.

ದೂರ ಎಂದರೆ ಎಲ್ಲಿಂದ ಎಲ್ಲಿಗೆ ಎನ್ನುವಲ್ಲಿ ಹಲವರು ಎಡವುತ್ತಾರೆ. ಗೋಳಾಕಾರದ ಕಾಯಗಳಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಅಳೆಯಬೇಕು, ನೆಲದಿಂದಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದವರು ಕಡಲಮಟ್ಟದಿಂದ 600 ಮೀಟರ್ ಆಸುಪಾಸು ಮೇಲೇರಿರುತ್ತಾರೆ. ಭೂಮಿಯ ಕೇಂದ್ರದಿಂದ ಅವರು ಮೊದಲೇ ಸುಮಾರು 6,371 ಕಿಲೋಮೀಟರ್ ದೂರದಲ್ಲಿದ್ದವರು. ಹಾಗಾಗಿ 60 ಕಿಲೋ ತೂಗುವವರ ತೂಕದಲ್ಲಿ ಕಡಿಮೆಯಾಗುವುದು ಹತ್ತು ಗ್ರಾಂ ಆಸುಪಾಸು ಮಾತ್ರ. ಅವರ ರಾಶಿಯಂತೂ ಎಳ್ಳಷ್ಟೂ ಬದಲಾಗದು.

ಈಗ ಸೂರ್ಯನ ಲೆಕ್ಕ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ, ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ, ಅಂದರೆ ಸುಮಾರು 390 ಪಟ್ಟು ಆಚೆ. 390ರ ವರ್ಗ ಒಂದೂವರೆ ಲಕ್ಷಕ್ಕೆ ಸಮೀಪ. 2.7 ಕೋಟಿಯನ್ನು ಅದರಿಂದ ಭಾಗಿಸಿದರೆ ಸುಮಾರು 180 ಬರುತ್ತದೆ. ರಾಶಿ ಕೊಟ್ಟ ಕೋಟಿಗಳನ್ನು ದೂರ ನೂರಕ್ಕೆ ಇಳಿಸಿತು. ಆದರೂ ಸೂರ್ಯನ ಸೆಳೆತವೇ 180 ಪಟ್ಟು ಹೆಚ್ಚು ಉಳಿಯಿತಲ್ಲ! ಒಗಟು ಇನ್ನೂ ಬಿಡಿಸಿಲ್ಲ, ನನಗೆ ಈ ವಿಷಯ ನಿಜಕ್ಕೂ ಸೊಗಸೆನಿಸುವುದು ಇಲ್ಲಿಂದಲೇ.

ಭರತವನ್ನು ಎಬ್ಬಿಸುವುದು ಸೆಳೆತವಲ್ಲ, ಸೆಳೆತದಲ್ಲಿನ ವ್ಯತ್ಯಾಸ. ಇಡೀ ಭೂಮಿಯನ್ನು ಒಂದೇ ಸಮನೆ ಎಳೆದರೆ ನೆಲವೂ ನೀರೂ ಜೊತೆಯಾಗಿಯೇ ಸರಿಯುತ್ತವೆ, ಉಬ್ಬು ಏಳುವುದಿಲ್ಲ. ಚಂದ್ರ ಹತ್ತಿರವಿರುವುದರಿಂದ ಭೂಮಿಯ ಅಡ್ಡಳತೆಯ 12,742 ಕಿಲೋಮೀಟರ್ ಅವನ ಪಾಲಿಗೆ ಸಣ್ಣದಲ್ಲ. ಅವನಿಗೆ ಎದುರಾದ ಬದಿಯ ಮೇಲಿನ ಸೆಳೆತ ಹಿಂಬದಿಯದಕ್ಕಿಂತ ಸುಮಾರು ಶೇ. 7ರಷ್ಟು ಹೆಚ್ಚು. ಎದುರಿನ ನೀರು ಭೂಮಿಗಿಂತ ಹೆಚ್ಚು ಸೆಳೆಯಲ್ಪಟ್ಟು ಉಬ್ಬುತ್ತದೆ, ಹಿಂಬದಿಯ ನೀರು ಭೂಮಿಗಿಂತ ಕಡಿಮೆ ಸೆಳೆಯಲ್ಪಟ್ಟು ಅಲ್ಲೂ ಉಬ್ಬು. ದಿನಕ್ಕೆ ಎರಡು ಭರತ ಬರುವುದು ಅದಕ್ಕೇ. ಸೂರ್ಯನ ವಿಷಯದಲ್ಲಿ ಅದೇ ವ್ಯತ್ಯಾಸ ಹತ್ತು ಸಾವಿರದಲ್ಲಿ ಎರಡು ಪಾಲೂ ಇಲ್ಲ. ಬಲ ದೂರದ ವರ್ಗದಂತೆ ಕುಗ್ಗಿದರೆ, ಈ ವ್ಯತ್ಯಾಸ ದೂರದ ಘನದಂತೆ ಕುಗ್ಗುತ್ತದೆ. 180ನ್ನು ಇನ್ನೊಮ್ಮೆ 390ರಿಂದ ಭಾಗಿಸಿ: ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಸೂರ್ಯ ಎಬ್ಬಿಸುವ ಭರತ ಚಂದ್ರನದರ ಅರ್ಧಕ್ಕೂ ತುಸು ಕಡಿಮೆ.

ಆ ಅರ್ಧವೂ ಲೆಕ್ಕಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಎರಡೂ ಸೇರಿ ನೀರು ಜೋರಾಗಿ ಏರುತ್ತದೆ. ಅಷ್ಟಮಿಯ ಸುಮಾರಿಗೆ ಒಂದರ ಪ್ರಭಾವವನ್ನು ಇನ್ನೊಂದು ಕಳೆಯುತ್ತದೆ, ಏರಿಳಿತ ಮಂದವಾಗುತ್ತದೆ.

ಚಂದ್ರನ ಕಕ್ಷೆಯೂ ಪೂರ್ತಿ ವೃತ್ತವಲ್ಲ. ತಿಂಗಳಲ್ಲಿ ಒಮ್ಮೆ ಸುಮಾರು 3,63,000 ಕಿಲೋಮೀಟರಿಗೆ ಹತ್ತಿರ ಬರುತ್ತಾನೆ, ಒಮ್ಮೆ ಸುಮಾರು 4,05,000ಕ್ಕೆ ದೂರ ಸರಿಯುತ್ತಾನೆ. ರಾಶಿ ಅದೇ, ದೂರದಲ್ಲಿ ವ್ಯತ್ಯಾಸ ಹನ್ನೆರಡು ಪ್ರತಿಶತದ ಒಳಗೆ. ಆದರೆ ಘನದ ಲೆಕ್ಕದಲ್ಲಿ ಅವನು ಭರತ ಎಬ್ಬಿಸುವ ಶಕ್ತಿ ಹತ್ತಿರವಿದ್ದಾಗ ದೂರವಿದ್ದಾಗಿನದಕ್ಕಿಂತ ಸುಮಾರು ಶೇ. 40ರಷ್ಟು ಹೆಚ್ಚು. ಅಂಥ ಸಮಯ ಹುಣ್ಣಿಮೆಯ ಜೊತೆ ಕೂಡಿಬಂದರೆ ಗಜನಿಯ ತೂಬು ಕಾಯುವವರು ಎಚ್ಚರವಾಗಿರಬೇಕು.